ಮರಲು ಮೀನಿಗೆ ಟೀಕಾ

ಜೀವಂತ ಮೀನೊಂದನ್ನು ಭಾಮಾ ಮೊದಲ ಸಲ ಕೈಯಲ್ಲಿ ಹಿಡಿದಾಗ ಅವಳಿಗೆ ಇಪ್ಪತ್ಮೂರು ವರ್ಷ. ಹಿಡಿದದ್ದು ಮೂರು ಎಣಿಸುವಷ್ಟು ಹೊತ್ತು ಮಾತ್ರ. ಮೊಳದುದ್ದದ ಮರಲು ಮೀನು ಬಾಲ ಬೀಸಿ ಅವಳ ಕನ್ನಡಕವನ್ನು ಶಹಾಬಾದಿನ ಹಳೆಯ ಕಲ್ಲುಖಣಿಯ ನೀರಿಗೆ ಕೆಡವಿ, ತಾನೂ ಅದರ ಬೆನ್ನಿಗೇ ಹಾರಿಕೊಂಡಿತು. ದಂಡೆಯ ಮೇಲಿದ್ದ ಮಾಳಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ನಿಂತು ನಕ್ಕದ್ದು ಸಾಲದೆ ಕೂತು ನಕ್ಕಳು.

"ಬಾಯಾರ, ನೀವು ಮೀನಿಂದೇ ಓದ್ಲಿಕ್ಕೆ ಹೋದವ್ರಂತ. ಹಿಡಿಯೋದೊಂದು ಕಲಿಸ್ಲಿಲ್ಲೇನ್ರಿ ಹೈದ್ರಾಬಾದ್ನಾಗ?"

"ಅಲ್ಲಿ ಬಾಟ್ಲಿಯೊಳಗ ಇರ್ತಾವ ಮಾಳಮ್ಮ, ಸತ್ತಿದ್ದು" ಎಂದು ಭಾಮಾ ಮಂಜುಗಣ್ಣಿನಲ್ಲೇ ಉತ್ತರಿಸಿದಳು.

ಮಾಳಮ್ಮ ಸೊಂಟದವರೆಗೆ ನೀರಿಗಿಳಿದು, ಕಾಲಬೆರಳಲ್ಲಿ ತಡಕಾಡಿ ಕನ್ನಡಕ ಎತ್ತಿಕೊಟ್ಟಳು. ಗಾಜು ಒಡೆದಿರಲಿಲ್ಲ. ಆಮೇಲೆ ಮೀನನ್ನು ಹೇಗೆ ಹಿಡಿಯಬೇಕೆಂದು ತೋರಿಸಿದಳು. ಕೈ ಮೊದಲು ತೊಯ್ಯಬೇಕು, ಮೀನಿನ ಕಣ್ಣಿನ ಮೇಲೆ ಹಸಿ ಬಟ್ಟೆ ಹಾಕಬೇಕು, ಅಮುಕಬಾರದು. ಕಣ್ಣು ಮುಚ್ಚಿದರೆ ಮರಲು ಮೀನು ಎಣ್ಣೆ ಹಚ್ಚಿಸಿಕೊಂಡ ಕೂಸಿನ ಹಾಗೆ ಸುಮ್ಮನಾಗುತ್ತದೆ. ಎರಡನೆಯ ಸಲ ಭಾಮಾಳ ಕೈಯಲ್ಲಿ ಅದು ಸುಮ್ಮನಿತ್ತು.

ಅದು ೧೯೪೪ರ ಫೆಬ್ರವರಿ. ಭಾಮಾ ಚಿತ್ತಾಪುರದ ಶಾಲೆಯಲ್ಲಿ ಲೆಕ್ಕ ಕಲಿಸುತ್ತಿದ್ದ ಗುಂಡೇರಾಯರ ಒಬ್ಬಳೇ ಮಗಳು. ತಾಯಿಯಿಲ್ಲದ ಮನೆಯಲ್ಲಿ ಅಜ್ಜಿ ಸೀತಾಬಾಯಿಯವರ ಕೈಯಲ್ಲಿ ಬೆಳೆದವಳು. ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಪ್ರಾಣಿಶಾಸ್ತ್ರದ ಎಂ.ಎಸ್ಸಿ. ಓದುತ್ತಿದ್ದಳು. ಅಲ್ಲಿ ಪಾಠವೆಲ್ಲ ಉರ್ದುವಿನಲ್ಲಿ. ಕಪ್ಪೆಯ ಹೃದಯ, ಮೀನಿನ ಕಿವಿರು, ಎಲ್ಲದರ ಹೆಸರನ್ನೂ ಉರ್ದುವಿನಲ್ಲೇ ಕಲಿತು, ಊರಿಗೆ ಬಂದಾಗ ಅಪ್ಪನಿಗೆ ಕನ್ನಡದಲ್ಲಿ ಹೇಳಲು ಹೋಗಿ ತಡವರಿಸುತ್ತಿದ್ದಳು. ಕೊನೆಯ ಪ್ರಬಂಧಕ್ಕೆ ಪ್ರೊಫೆಸರ್ ಸಾಹೇಬರು ಕೊಟ್ಟ ವಿಷಯ ಮರಲು ಮೀನಿನ ರಕ್ತಕಣಗಳ ಎಣಿಕೆ. "ಆರು ಮೀನು, ಒಂದು ತಿಂಗಳು, ಮುಗಿಯಿತು" ಎಂದಿದ್ದರು ಅವರು. ಹುಡುಗಿಯೊಬ್ಬಳಿಗೆ ಅಷ್ಟು ಸಾಕು ಎಂಬ ಧಾಟಿ ಆ ಮಾತಿನಲ್ಲಿತ್ತು. ಭಾಮಾಳಿಗೆ ಅದು ಹಿಡಿಸಿರಲಿಲ್ಲ. ಎಣಿಸುವುದಕ್ಕಿಂತ ಹೆಚ್ಚಿನದೇನನ್ನಾದರೂ ಕೇಳಬೇಕೆಂಬ ಆಸೆ ಇತ್ತು. ಏನು ಕೇಳಬೇಕೆಂಬುದೇ ತಿಳಿದಿರಲಿಲ್ಲ.

ಮರಲು ಮೀನು ಎಲ್ಲಿ ಸಿಗುತ್ತದೆ ಎಂದು ವಿಚಾರಿಸಿದಾಗ ಶಹಾಬಾದಿನ ಎಲ್ಲರೂ ಬೊಟ್ಟು ಮಾಡಿದ್ದು ಮಾಳಮ್ಮನ ಕಡೆಗೆ. ಆ ಊರಿನ ಸುತ್ತ ನೆಲ ಬಗೆದರೆ ಮನೆಗಳಿಗೆ ಹಾಸುವ ಪರ್ಸಿ ಕಲ್ಲು. ಕಲ್ಲು ತೆಗೆದು ಮುಗಿದ ಖಣಿಗಳು ಮಳೆನೀರು ತುಂಬಿಕೊಂಡು, ಗೋಡೆ ಕಟ್ಟಿದ ಹೊಂಡಗಳ ಹಾಗೆ ಚೌಕಾಗಿ ಬಿದ್ದಿದ್ದವು. ಮಾಳಮ್ಮ ಕಾಗಿಣಾ ಹೊಳೆಯಲ್ಲಿ ಬಲೆ ಬೀಸುವ ಮನೆತನದವಳು. ಗಂಡ ತೀರಿಹೋದ ಮೇಲೆ ಹೊಳೆಯ ಸೆಳವಿಗೆ ಒಬ್ಬಳೇ ಇಳಿಯುವುದು ಬೇಡವೆಂದು, ಇಂಥ ಎರಡು ಖಣಿಗಳನ್ನು ಕೇಳಿ ಪಡೆದು, ಹೊಳೆಯ ಮರಿಮೀನು ತಂದು ಬಿಟ್ಟು ಸಾಕುತ್ತಿದ್ದಳು. ಎರಡೂ ಖಣಿ ಒಂದರ ಪಕ್ಕ ಒಂದು. ನಡುವೆ ಒಬ್ಬರು ನಡೆದುಹೋಗುವಷ್ಟು ಅಗಲದ ಕಲ್ಲಿನ ಒಡ್ಡು.

ಆ ದಿನ ಬಲೆಯಲ್ಲಿ ಬಂದ ಮೀನುಗಳಲ್ಲಿ ಕೆಲವಕ್ಕೆ ಮೈಮೇಲೆ ಕೆಂಪು ಹುಣ್ಣು. ಇನ್ನು ಕೆಲವಕ್ಕೆ ಹುರುಪೆ ಕಳಚಿ ಮಾಸಿದ ಬಿಳಿ ಕಲೆ.

"ಚಳಿಗಾಲ ಬಂತಂದ್ರ ಈ ಹುಣ್ಣು ಬರ್ತದ್ರಿ" ಎಂದಳು ಮಾಳಮ್ಮ. "ಅರ್ಧಕ್ಕರ್ಧ ಸಾಯ್ತಾವ. ಕಲಿ ಇದ್ದಾವಲ್ಲ, ಅವು ಹಿಂದಿನ ವರ್ಷ ಬ್ಯಾನಿ ಬಂದು ಬದುಕಿದ್ವು. ಅವಕ್ಕ ಮತ್ತ ಬರಂಗಿಲ್ಲ."

ಭಾಮಾ ಕೈಯಲ್ಲಿದ್ದ ಪೆನ್ಸಿಲನ್ನು ಕೆಳಗಿಟ್ಟಳು. "ಯಾವಾಗೂ ಬಂದಿಲ್ಲೇನು?"

"ನಾ ನೋಡಾಕತ್ತು ಆರು ವರ್ಷಾತು. ಕಲಿ ಇದ್ದ ಮೀನಿಗೆ ಹೊಸಾ ಹುಣ್ಣು ನೋಡೇ ಇಲ್ಲ. ಅವುಗಳ ಮೈ ಕಲ್ತದ್ರಿ."

ಮೈ ಕಲಿತಿದೆ. ಅದಕ್ಕೆ ಉರ್ದುವಿನಲ್ಲಿ ಕುವ್ವತೆ ಮುದಾಫಿಅತ್, ಅಂದರೆ ರೋಗ ತಡೆಯುವ ಶಕ್ತಿ, ಎಂದು ಹೆಸರಿತ್ತು. ಭಾಮಾ ಪರೀಕ್ಷೆಯಲ್ಲಿ ಆ ಬಗ್ಗೆ ನಾಲ್ಕು ಪುಟ ಬರೆದಿದ್ದಳು. ಮನುಷ್ಯರದು, ಕುದುರೆಯದು, ಮೊಲದ್ದು ಎಲ್ಲ ಬರೆದಿದ್ದಳು. ಮೀನಿನದು ಪುಸ್ತಕದಲ್ಲಿ ಇರಲಿಲ್ಲ. ಮೈ ತಣ್ಣಗಿರುವ ಪ್ರಾಣಿ ಅದು ಹೇಗೆ ಕಲಿಯುತ್ತದೆ, ಎಷ್ಟು ದಿನ ನೆನಪಿಡುತ್ತದೆ, ಯಾರೂ ಹೇಳಿಕೊಟ್ಟಿರಲಿಲ್ಲ. ಕೇಳಬೇಕಾದ ಪ್ರಶ್ನೆ ಸಿಕ್ಕಿತು ಎಂದು ಅವಳಿಗೆ ಅಲ್ಲೇ, ಒದ್ದೆ ಸೀರೆಯಲ್ಲೇ ಅನ್ನಿಸಿತು.

ಮೊದಲು ಅವಳು ಹೋದದ್ದು ಊರಿನ ದವಾಖಾನೆಗೆ. ಅಲ್ಲಿ ಲಾಲ್ ಅಹ್ಮದ್ ಎಂಬ ಹಳೆಯ ಕಂಪೌಂಡರ್ ಇದ್ದರು. ಆ ಊರಿನ ಒಂದೇ ಒಂದು ಸೂಕ್ಷ್ಮದರ್ಶಕಕ್ಕೆ ದಿನಾ ರೇಷ್ಮೆ ಬಟ್ಟೆಯಲ್ಲಿ ಮುಖ ಒರೆಸುತ್ತಿದ್ದವರು ಅವರೇ. ಭಾಮಾಳ ಮಾತು ಪೂರ್ತಿ ಕೇಳಿ ಅವರು ಗಡ್ಡ ನೀವಿಕೊಂಡರು.

"ಬೇಟಿ, ಮುದ್ದತಿ ಜ್ವರಾ, ಅಂದ್ರ ಟೈಫಾಯ್ಡ್, ಬಂದವರ ರಕ್ತ ನಾವು ಹ್ಯಾಂಗ ನೋಡ್ತೀವಿ? ರಕ್ತದ ತಿಳಿನೀರು ಒಂದು ಹನಿ, ಜ್ವರದ ಕ್ರಿಮಿ ಒಂದು ಹನಿ, ಎರಡೂ ಗಾಜಿನ ಮ್ಯಾಲ ಕೂಡಿಸೋದು. ಜ್ವರಾ ಬಂದವರದಿದ್ರ ಕ್ರಿಮಿ ಮುದ್ದಿ ಕಟ್ತಾವ. ಇಲ್ಲದಿದ್ರ ಹಂಗೇ ಇರ್ತಾವ. ಮೀನಿಗೂ ಹಂಗೇ ನೋಡಿದ್ರಾತು."

"ಮೀನಿಗೆ ಯಾರರೇ ಮಾಡ್ಯಾರೇನ್ರಿ?"

"ನಾನಂತೂ ಮಾಡಿಲ್ಲ" ಎಂದು ಲಾಲ್ ಅಹ್ಮದ್ ನಕ್ಕರು. "ಬಾ, ಮಾಡೋಣು."

ಅದಕ್ಕೆ ಹುಣ್ಣಿನ ಕ್ರಿಮಿಯನ್ನು ಬೇರೆಯಾಗಿ ಬೆಳೆಸಬೇಕಿತ್ತು. ಕ್ರಿಮಿಗೆ ಬೇಕಾದ ಊಟ ಮಾಂಸದ ಸಪ್ಪನೆಯ ಸಾರು. ಭಾಮಾಳ ಮನೆಯಲ್ಲಿ ಅದರ ಹೆಸರೆತ್ತುವಂತಿರಲಿಲ್ಲ. ಲಾಲ್ ಅಹ್ಮದರ ಹೆಂಡತಿ ಆಶಾಬಿ ಮಾಡಿಕೊಡುತ್ತೇನೆಂದು ಒಪ್ಪಿದರು. ಖಾರ ಬೇಡ, ಈರುಳ್ಳಿ ಬೇಡ, ಏನೂ ಬೇಡ, ಮೂರು ದಿನ ಒಂದೊಂದು ಸಲ ಕುದಿಸಿ ಮುಚ್ಚಿಡಿ ಎಂದು ಭಾಮಾ ಹೇಳಿಬಂದಳು. ಸಾರು ಬಂತು. ಹುಣ್ಣಿನ ರಸವನ್ನು ಸುಟ್ಟ ತಂತಿಯಿಂದ ಅದರಲ್ಲಿ ಅದ್ದಿ ಇಟ್ಟಳು. ಎರಡು ದಿನ, ಮೂರು ದಿನ, ಐದು ದಿನ ಕಳೆದರೂ ಸಾರು ತಿಳಿಯಾಗಿಯೇ ಉಳಿಯಿತು. ಒಂದು ಕ್ರಿಮಿಯೂ ಬೆಳೆಯಲಿಲ್ಲ. ಭಾಮಾ ತಂತಿ ಬದಲಿಸಿದಳು, ನಳಿಗೆ ಬದಲಿಸಿದಳು. ಕೊನೆಗೆ ಸಾರನ್ನೇ ಮೂಸಿ ನೋಡಿದಳು.

"ಆಶಾಬಿ ಆಪಾ, ಇದರಾಗ ಏನರೇ ಹಾಕಿದ್ರೇನು?"

ಆಶಾಬಿ ಬಾಗಿಲ ಪರದೆಯ ಅಂಚನ್ನು ಬೆರಳಿಗೆ ಸುತ್ತಿಕೊಂಡರು. "ಎರಡೇ ಎರಡು ಲವಂಗ" ಎಂದರು ಆಮೇಲೆ. "ಒಂದೀಟು ದಾಲ್ಚಿನ್ನಿ. ಯಾವ ಜೀವಕ್ಕಾದ್ರೂ ಸಪ್ಪನ್ನ ಹ್ಯಾಂಗ ಉಣ್ಣಿಸ್ಲಿ ಬೇಟಿ? ನನ್ನ ಕೈ ಕೇಳ್ಲಿಲ್ಲ."

ಲಾಲ್ ಅಹ್ಮದ್ ನಗುತ್ತ ಗೋಡೆಗೆ ಒರಗಿದರು. ಮುಂದಿನ ಸಾರಿನಲ್ಲಿ ಲವಂಗ ಇರಲಿಲ್ಲ. ಒಂದೇ ದಿನದಲ್ಲಿ ಅದು ಹೊಗೆ ಹೊಕ್ಕಂತೆ ಮಬ್ಬಾಯಿತು. ಸೂಕ್ಷ್ಮದರ್ಶಕದ ಕೆಳಗೆ ಸಣ್ಣ ಸಣ್ಣ ಕಡ್ಡಿಯಂಥ ಕ್ರಿಮಿಗಳು ಓಡಾಡುತ್ತಿದ್ದವು.

ಇನ್ನು ರಕ್ತ. ಅದನ್ನು ನೋಡಲು ಮೀನುಗಳನ್ನು ಕೆಲವು ದಿನ ಕಣ್ಣೆದುರಿಗೇ ಇಟ್ಟುಕೊಳ್ಳಬೇಕಿತ್ತು. ಭಾಮಾ ಎರಡು ತಾಮ್ರದ ಕೊಡ ತೆಗೆದುಕೊಂಡಳು. ಒಂದರಲ್ಲಿ ಕಲೆಯಿದ್ದ ಎರಡು ಮೀನು, ಇನ್ನೊಂದರಲ್ಲಿ ಹೊಳೆಯಿಂದ ಹೊಸದಾಗಿ ಹಿಡಿದ, ಹುಣ್ಣನ್ನೇ ಕಾಣದ ಎರಡು ಮೀನು. ಕೊಡಗಳ ಬಾಯಿಗೆ ಹಸಿ ಬಟ್ಟೆ ಕಟ್ಟಿ ಚಿತ್ತಾಪುರದ ಮನೆಗೆ ರೈಲು ಹತ್ತಿದಳು. ಮರಲು ಮೀನು ಆಗಾಗ ಮೇಲೆ ಬಂದು ಗಾಳಿ ಕುಡಿಯುತ್ತದೆ. ಸ್ವಲ್ಪ ನೀರಿದ್ದರೂ ಅದಕ್ಕೆ ಸಾಕು.

ವಾಡಿಯಲ್ಲಿ ಗಾಡಿ ಬದಲಿಸಬೇಕು. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಮಳಖೇಡಕ್ಕೆ ಹೊರಟಿದ್ದ ವೃದ್ಧ ಆಚಾರ್ಯರೊಬ್ಬರು ಕೂತಿದ್ದರು. ಒದ್ದೆ ಬಟ್ಟೆ ಕಟ್ಟಿದ ಕೊಡ ಕಂಡು ಅವರ ಮುಖ ಅರಳಿತು.

"ಹೊಳಿ ನೀರೇನವ್ವಾ? ಪುಣ್ಯಾ ಬರ್ತದ, ಕೈಗೆ ಒಂದೀಟು ಹಾಕು. ನಲ್ಲಿ ನೀರು ನನಗ ಆಗಂಗಿಲ್ಲ."

ಏನು ಹೇಳಬೇಕೆಂದು ಭಾಮಾ ಯೋಚಿಸುತ್ತಿರುವಾಗಲೇ ಕೊಡ 'ಬುಡುಕ್' ಎಂದಿತು. ಬಟ್ಟೆ ಉಬ್ಬಿ ಇಳಿಯಿತು.

"ಒಳಗ ಏನೋ ಅದ!"

"ಮೀನಾ ಅವ್ರೀ ಆಚಾರ್ರೇ."

ಆಚಾರ್ಯರು ಗಂಟು ಎತ್ತಿಕೊಂಡು ಬೆಂಚಿನ ಆ ತುದಿಗೆ ಸರಿದರು. ಗಾಡಿ ಬರುವುದು ತಡವಿತ್ತು. ಅವರು ಒಮ್ಮೆ ಓರೆಗಣ್ಣಿನಿಂದ ನೋಡಿದರು, ಇನ್ನೊಮ್ಮೆ ಕತ್ತು ಹೊರಳಿಸಿ ನೋಡಿದರು. ಮೂರನೆಯ ಸಲ ಗಂಟು ಅಲ್ಲೇ ಬಿಟ್ಟು ಎದ್ದು ಬಂದರು.

"ಜೀವಂತ ಅವೇನು?"

"ಹೌದ್ರಿ."

"ಸ್ವಲ್ಪ ಬಟ್ಟಿ ಸರಿಸು ನೋಡೋಣು."

ಗಾಡಿ ಬರುವವರೆಗೆ ಅವರು ಕೊಡದ ಮೇಲೆ ಬಾಗಿಯೇ ಇದ್ದರು. ಏನು ತಿನ್ನುತ್ತವೆ, ನಿದ್ದೆ ಮಾಡುತ್ತವೆಯೇ, ಮೀನಿಗೂ ಹುಣ್ಣಾಗುತ್ತದೆಯೇ ಎಂದು ಒಂದಾದ ಮೇಲೊಂದು ಕೇಳಿದರು. ಚಿತ್ತಾಪುರದಲ್ಲಿ ಭಾಮಾ ಇಳಿಯುವಾಗ, ಕೊಡಕ್ಕೆ ಮಾತ್ರ ಕೈ ತಾಗಿಸದೆ, ಅವಳ ಪುಸ್ತಕದ ಚೀಲವನ್ನು ಇಳಿಸಿಕೊಟ್ಟರು.

ಮನೆಯಲ್ಲಿ ಅಷ್ಟು ಸಲೀಸಾಗಲಿಲ್ಲ. ಸೀತಾಬಾಯಿ ಮಡಿ ಉಟ್ಟು ತುಳಸಿಕಟ್ಟೆಯ ಹತ್ತಿರ ನಿಂತಿದ್ದರು.

"ಭಾಮಿ, ಹೊಸ್ತಿಲದಾಚೆನಽ ನಿಲ್ಲು. ಏನದು?"

"ಮೀನಾ ಅಜ್ಜಿ. ಕೊಲ್ಲಂಗಿಲ್ಲ, ತಿನ್ನಂಗಿಲ್ಲ. ಬರೇ ಎರಡು ಹನಿ ರಕ್ತಾ ತಗೊಳ್ಳೋದು."

"ರಾಮ ರಾಮಾ! ಶ್ರೀಹರಿ ಮೊದಲು ಎತ್ತಿದ ಅವತಾರನಽ ಮೀನಂದು. ಅದಕ್ಕ ಸೂಜಿ ಚುಚ್ಚತೀಯಾ?"

"ನಾ ಸಣ್ಣಾಕಿ ಇದ್ದಾಗ ನನಗ ಸಿಡುಬಿನ ಟೀಕಾ ಹಾಕಿಸಿದಾಕಿ ಯಾರು? ನಾ ಚೀರಿಕೊಂಡ್ರೂ ಬಿಡದಽ ಎತ್ತಿ ಹಿಡಿದಾಕಿ?"

"ನಾನಽ."

"ಯಾಕ ಹಾಕಿಸಿದಿ?"

"ಬ್ಯಾನಿ ಬರಬಾರದಂತ."

"ಇವಕ್ಕೂ ಅದಕ್ಕಽ ಅಜ್ಜಿ. ಖಣಿಯೊಳಗ ಹುಣ್ಣಾಗಿ ಸಾಯ್ಲಿಕತ್ತಾವ. ಟೀಕಾ ಹಾಕಲಿಕ್ಕೆ ಬರ್ತದೇನಂತ ನೋಡ್ಲಿಕತ್ತೀನಿ."

ಸೀತಾಬಾಯಿ ಬಹಳ ಹೊತ್ತು ಕೊಡಗಳನ್ನೇ ನೋಡಿದರು. ಗುಂಡೇರಾಯರು ಒಳಗಿನಿಂದ ಬಂದು, ತಮ್ಮ ತಾಯಿ ಮತ್ತು ಮಗಳ ನಡುವೆ ಬಾಯಿ ಹಾಕದಿರುವುದೇ ಲೇಸೆಂದು ಹಾಗೆಯೇ ಹಿಂದಿರುಗಿದರು.

"ಹಿತ್ತಲದಾಗ ದನದ ನೀರಿನ ಕಲ್ಲುದೋಣಿ ಅದ, ಅದರಾಗ ಬಿಡು" ಎಂದರು ಅಜ್ಜಿ ಕಡೆಗೆ. "ಬಾವಿ ಕಡೆ ತರಬ್ಯಾಡ. ಆ ಕೊಡಾ ಇನ್ನ ಒಳಗ ಬರಂಗಿಲ್ಲ. ಮುಟ್ಟಿದಾಗೊಮ್ಮೆ ಸ್ನಾನಾ ಮಾಡು."

ಆ ವಾರ ಭಾಮಾ ಇಪ್ಪತ್ತೊಂದು ಸಲ ಸ್ನಾನ ಮಾಡಿದಳು.

ಬಾಲದ ಬುಡದಿಂದ ತೆಗೆದ ರಕ್ತವನ್ನು ಸಣ್ಣ ನಳಿಗೆಯಲ್ಲಿ ಓರೆಯಾಗಿಟ್ಟರೆ ಅದು ಹೆಪ್ಪುಗಟ್ಟಿ, ಮೇಲೆ ಒಂದಿಷ್ಟು ತಿಳಿನೀರು ಬಿಡುತ್ತಿತ್ತು. ಹಿತ್ತಲ ಬಿಸಿಲಿನಲ್ಲಿ ಕಲ್ಲಿನ ಮೇಲೆ ಕೂತು ಭಾಮಾ ಎರಡು ಗಾಜಿನ ಪಟ್ಟಿಗಳ ಮೇಲೆ, ಶಹಾಬಾದಿನಿಂದ ನಳಿಗೆಯಲ್ಲಿ ತಂದ ಕ್ರಿಮಿಯ ನೀರು ಒಂದೊಂದು ಹನಿ ಇಟ್ಟಳು. ಒಂದಕ್ಕೆ ಹೊಳೆಮೀನಿನ ತಿಳಿ, ಒಂದಕ್ಕೆ ಕಲೆಮೀನಿನ ತಿಳಿ. ಹೊಳೆಮೀನಿನದು ಮಬ್ಬಾಗಿಯೇ ಉಳಿಯಿತು. ಕಲೆಮೀನಿನ ಹನಿಯಲ್ಲಿ ಮೊದಲು ಸಣ್ಣ ಸಣ್ಣ ರವೆ ಕಂಡವು. ನೋಡನೋಡುತ್ತಲೇ ಅವು ಒಂದಕ್ಕೊಂದು ಅಂಟಿ ಬಿಳಿಯ ಮುದ್ದೆಗಳಾದವು, ಸುತ್ತಲಿನ ನೀರು ತಿಳಿಯಾಯಿತು. ಸೂಕ್ಷ್ಮದರ್ಶಕವೇ ಬೇಕಾಗಲಿಲ್ಲ.

"ಅಜ್ಜಿ! ಬಾ ಇಲ್ಲಿ!"

ಸೀತಾಬಾಯಿ ನಾಲ್ಕು ಮಾರು ದೂರದಲ್ಲೇ ನಿಂತರು. ಆಮೇಲೆ ಎರಡು ಮಾರು ಹತ್ತಿರ ಬಂದರು. ಆಮೇಲೆ ಸೆರಗು ಬಿಗಿದುಕೊಂಡು ಬಗ್ಗಿಯೇ ನೋಡಿದರು.

"ಹಾಲು ಒಡದಂಗ ಆಗ್ಯದಲ್ಲ."

"ಹಂಗಽ ಅಜ್ಜಿ. ಹೋದ ವರ್ಷ ಹುಣ್ಣಾಗಿ ಬದುಕಿದ ಈ ಮೀನಿನ ರಕ್ತಕ್ಕ ಆ ಕ್ರಿಮಿ ಗುರುತು ಸಿಕ್ಕದ."

"ಒಂದು ವರ್ಷಾದ್ರೂ ಮರ್ತಿಲ್ಲಾ?" ಎಂದು ಅಜ್ಜಿ ಆಶ್ಚರ್ಯಪಟ್ಟರು. ಆ ಸಂಜೆಯ ಸ್ನಾನವನ್ನು ಅವರೂ ಮಾಡಬೇಕಾಯಿತು.

ಭಾಮಾ ಪ್ರೊಫೆಸರರಿಗೆ ಉದ್ದನೆಯ ಪತ್ರ ಬರೆದಳು. ಗಡುವನ್ನು ಒಂದು ವರ್ಷ ಮುಂದೂಡಬೇಕೆಂದು ಕೇಳಿದಳು. ಎರಡು ಸಾಲಿನ ಉತ್ತರ ಬಂತು. 'ವಿಷಯ ದೊಡ್ಡದು, ನಿನ್ನ ಬಳಿ ಪ್ರಯೋಗಶಾಲೆ ಇಲ್ಲ. ಆದರೂ ಬೇಡವೆನ್ನಲಾರೆ.' ಅವಳಿಗೆ ಎರಡನೆಯ ಸಾಲು ಸಾಕಾಯಿತು.

ಸೆಪ್ಟೆಂಬರಿಗೆ ಟೀಕಾ ಸಿದ್ಧವಾಯಿತು. ಕ್ರಿಮಿ ಬೆಳೆದ ನೀರನ್ನು ಒಂದು ಗಂಟೆ ಹದವಾದ ಬಿಸಿಯಲ್ಲಿಟ್ಟು ಕ್ರಿಮಿಯನ್ನು ಕೊಂದದ್ದು, ಅಷ್ಟೇ. ಸತ್ತ ಕ್ರಿಮಿಯಿಂದ ಬೇನೆ ಬರುವುದಿಲ್ಲ. ಮೈ ಮಾತ್ರ ಅದನ್ನು ಕಂಡು ಎಚ್ಚರಗೊಳ್ಳುತ್ತದೆ ಎಂಬ ನಂಬಿಕೆ. ಎರಡೂ ಖಣಿಗಳ ಹಳೆಯ ಮೀನನ್ನು ಮಾಳಮ್ಮ ಹಿಡಿದು ಮಾರಿದ್ದಳು; ಈಗ ಅವುಗಳಲ್ಲಿ ಹೊಳೆಯಿಂದ ತಂದ ಹೊಸ ಮೀನು, ಒಂದೊಂದರಲ್ಲಿ ಅರವತ್ತು. ಬಲಗಡೆಯ ಖಣಿಯವಕ್ಕೆ ಟೀಕಾ, ಎಡಗಡೆಯವಕ್ಕೆ ಇಲ್ಲ. ಚಳಿಗಾಲದಲ್ಲಿ ಎರಡನ್ನೂ ಹೋಲಿಸುವುದು.

ಮೀನಿಗೆ ಟೀಕಾ ಹಾಕುತ್ತಾರೆಂಬ ಸುದ್ದಿ ಊರಲ್ಲಿ ಹಬ್ಬಿತ್ತು. ಕಲ್ಲು ಒಡೆಯುವವರು ಸುತ್ತಿಗೆ ಕೆಳಗಿಟ್ಟು ದಂಡೆಯ ಮೇಲೆ ಸಾಲಾಗಿ ಕೂತರು. "ಮೀನಾ ಅಳ್ತಾವೇನ್ರಿ ಬಾಯಾರ?" ಎಂದೊಬ್ಬ ಕೇಳಿದ. "ನೀ ಅತ್ತಷ್ಟು ಅಳಂಗಿಲ್ಲ" ಎಂದಳು ಮಾಳಮ್ಮ; ಹೋದ ವರ್ಷ ಟೀಕಾ ಹಾಕುವವನನ್ನು ಕಂಡು ಅವನು ಅಳುತ್ತ ಖಣಿ ಹಾರಿ ಓಡಿದ್ದು ಎಲ್ಲರಿಗೂ ಗೊತ್ತಿತ್ತು. ಮಾಳಮ್ಮ ಮೀನು ಹಿಡಿದು ಕಣ್ಣು ಮುಚ್ಚುವಳು, ಭಾಮಾ ಹೊಟ್ಟೆಯ ಬದಿಗೆ ಪಿಚಕಾರಿಯ ಸೂಜಿ ಚುಚ್ಚುವಳು, ಲಾಲ್ ಅಹ್ಮದ್ ಎಣಿಸುವರು. ಹತ್ತು ಮೀನಾಗುವಷ್ಟರಲ್ಲಿ ಚುಚ್ಚಿದ್ದು ಯಾವುದು, ಚುಚ್ಚದ್ದು ಯಾವುದು ಎಂಬುದೇ ಗೊಂದಲವಾಯಿತು. ಮಾಳಮ್ಮ ಸೊಂಟದಿಂದ ಬಲೆ ಹೊಲಿಯುವ ಕತ್ತರಿ ತೆಗೆದು, ಟೀಕಾ ಆದ ಮೀನಿನ ಹೊಟ್ಟೆಯಡಿಯ ಎಡರೆಕ್ಕೆಯನ್ನು ಬುಡಕ್ಕೆ ಕತ್ತರಿಸಿ ನೀರಿಗೆ ಬಿಡತೊಡಗಿದಳು. "ಇನ್ನ ಒಂದಕ್ಕ ಎರಡು ಸಲ ಚುಚ್ಚಂಗಿಲ್ಲ" ಎಂದಳು. ಮಧ್ಯಾಹ್ನಕ್ಕೆ ಮೊದಲಿನ ಹತ್ತೂ ಸೇರಿ ಅರವತ್ತಕ್ಕೂ ಗುರುತಾಗಿ ಮುಗಿಯಿತು.

ಹತ್ತು ದಿನಗಳ ಮೇಲೆ ಹಸ್ತಾ ಮಳೆ ಹಿಡಿಯಿತು. ಮೂರು ಹಗಲು ಬಿಡದೆ ಸುರಿಯಿತು. ಕಾಗಿಣಾ ಉಕ್ಕಿ ಹೊಲಗಳಿಗೆ ನುಗ್ಗಿತು, ರೈಲು ನಿಂತಿತು. ನಾಲ್ಕನೆಯ ದಿನ ಗಾಡಿ ಬಿಟ್ಟ ಕೂಡಲೇ ಭಾಮಾ ಶಹಾಬಾದಿಗೆ ಬಂದಳು. ಖಣಿಯ ಹತ್ತಿರ ಬಂದವಳು ಹಾಗೆಯೇ ನಿಂತಳು. ಎರಡು ಖಣಿ ಇರಲಿಲ್ಲ. ಒಡ್ಡಿನ ಮೇಲೆ ಮೊಳಕಾಲುದ್ದ ನೀರು ನಿಂತು ಎರಡೂ ಒಂದೇ ಕೆರೆಯಾಗಿದ್ದವು.

ಅವಳು ಒಂದು ಪರ್ಸಿ ಚಪ್ಪಡಿಯ ಮೇಲೆ ಕುಸಿದು ಕೂತಳು. ಏಳು ತಿಂಗಳ ಕೆಲಸ. ಟೀಕಾದ ಮೀನು ಯಾವ ಕಡೆ, ಟೀಕಾ ಇಲ್ಲದ್ದು ಯಾವ ಕಡೆ? ಎರಡು ಸಾಲಿನ ಆ ಪತ್ರದ ಮೊದಲ ಸಾಲೇ ನಿಜವಾಯಿತೆಂದು ಅವಳ ಕಣ್ಣು ತುಂಬಿತು.

ಮಾಳಮ್ಮ ಬಲೆಯ ಬುಟ್ಟಿ ಹೊತ್ತುಕೊಂಡು ಬಂದು ಪಕ್ಕದಲ್ಲಿ ಕೂತಳು. "ಯಾಕ್ರಿ, ಮಾರಿ ಹಿಂಗ ಮಾಡಿದ್ರಿ?"

"ಎಲ್ಲಾ ಕೂಡಿಬಿಟ್ಟಾವ ಮಾಳಮ್ಮ. ಯಾವುದು ಯಾವುದಂತ ಹ್ಯಾಂಗ ತಿಳೀಬೇಕು?"

"ರೆಕ್ಕಿ ನೋಡಿದ್ರ ತಿಳೀತದಲ್ರಿ. ಎಡರೆಕ್ಕಿ ಇಲ್ಲದಿದ್ರ ಟೀಕಾದ್ದು, ಇದ್ರ ಅಲ್ಲ."

ಭಾಮಾ ತಲೆಯೆತ್ತಿದಳು.

"ಒಂದು ಮಾತು ಹೇಳ್ಲೇನ್ರಿ?" ಮಾಳಮ್ಮ ಮುಂದುವರಿಸಿದಳು. "ಮೊದಲಿನಾಂಗ ಬ್ಯಾರೆ ಬ್ಯಾರೆ ಇದ್ದಿದ್ರ ನಾನಽ ನಿಮ್ಮ ಮಾತು ನಂಬ್ತಿರಲಿಲ್ಲ. ಎಡಖಣಿ ನೀರು ಯಾವಾಗೂ ಥಂಡಿ. ಹುಣ್ಣು ಅಲ್ಲೇ ಹೆಚ್ಚಿಗಿ. ಟೀಕಾ ಅಲ್ಲ, ನೀರಿಂದಽ ಅಂತಿದ್ದೆ. ಈಗ ಎಲ್ಲಾ ಒಂದಽ ನೀರಾಗ ಅವ."

ಭಾಮಾ ತುಂಬಿನಿಂತ ಖಣಿಯತ್ತ ತಿರುಗಿದಳು. ಒಂದೇ ನೀರು, ಒಂದೇ ಚಳಿ, ಒಂದೇ ಮೇವು. ಬೇರೆಯಾಗಿರುವುದು ಟೀಕಾ ಒಂದೇ. ತಾನು ಕಾಗದದ ಮೇಲೆ ಹಾಕಿದ್ದಕ್ಕಿಂತ ಚೆಂದದ ಪ್ರಯೋಗವನ್ನು ಮಳೆ ಹಾಕಿಕೊಟ್ಟಿತ್ತು. ಅದು ಅವಳಿಗೆ ಹೊಳೆದಿರಲಿಲ್ಲ, ಮಾಳಮ್ಮನಿಗೆ ಹೊಳೆದಿತ್ತು. ಅವಳು ಎದ್ದು, ಸ್ನಾನದ ಲೆಕ್ಕ ಮರೆತು, ಮಾಳಮ್ಮನ ಮೀನುವಾಸನೆಯ ಎರಡೂ ಕೈ ಹಿಡಿದುಕೊಂಡಳು.

ಪುಷ್ಯ ಮಾಸದಲ್ಲಿ ಲಾಲ್ ಅಹ್ಮದರ ಕೈಬರಹದ ಕಾರ್ಡು ಬಂತು. 'ಮಾಳಮ್ಮ ಹೇಳಿ ಬರೆಸಿದ್ದು: ಹುಣ್ಣು ಬಂದದ, ಬರ್ರಿ.' ಭಾಮಾ ಅಂಗಳದಲ್ಲಿ ಒಂದು ಸಲ ಕುಣಿದೇಬಿಟ್ಟಳು. ಆಮೇಲೆ ನಾಚಿಕೆಯಾಯಿತು. ಖಣಿಯ ದಂಡೆಗೆ ಬಂದಾಗ ಮುಖ ಗಂಭೀರ ಮಾಡಿಕೊಂಡಿದ್ದಳು.

"ಇರ್ಲಿ ಬಿಡ್ರಿ" ಎಂದಳು ಮಾಳಮ್ಮ. "ಬ್ಯಾನಿ ಬಂದದ್ದಕ್ಕ ನಿಮಗ ಖುಷಿ ಆಗ್ಯದ, ನನಗ ಗೊತ್ತದ. ಬಲಿ ಹಿಡೀರಿ ಆ ಕಡೆ."

ಆ ಚಳಿಗಾಲದಲ್ಲಿ ಅವರಿಬ್ಬರೂ ಆರು ಸಲ ಬಲೆ ಎಳೆದರು. ಭಾಮಾ ಈಗ ಮೀನಿನ ಕಣ್ಣು ಮುಚ್ಚದೆಯೂ ಅದನ್ನು ಹಿಡಿಯಬಲ್ಲವಳಾಗಿದ್ದಳು. ಕನ್ನಡಕಕ್ಕೆ ಮಾತ್ರ ದಾರ ಕಟ್ಟಿಕೊಂಡಿದ್ದಳು. ಒಂದೊಂದು ಮೀನನ್ನೂ ಮಗುಚಿ ಮೊದಲು ರೆಕ್ಕೆ ನೋಡುವುದು, ಆಮೇಲೆ ಮೈ ನೋಡುವುದು. ಕೊನೆಯ ಬಲೆಯಲ್ಲಿ ಎಡರೆಕ್ಕೆ ಇಲ್ಲದವು ನಲವತ್ಮೂರು ಸಿಕ್ಕವು. ಹುಣ್ಣಿದ್ದದ್ದು ಮೂರಕ್ಕೆ. ಎಡರೆಕ್ಕೆ ಇದ್ದವು ಸಿಕ್ಕಿದ್ದೇ ಮೂವತ್ತೊಂದು. ಅವುಗಳಲ್ಲಿ ಇಪ್ಪತ್ತೆರಡಕ್ಕೆ ಹುಣ್ಣು.

ಮಾರ್ಚಿನಲ್ಲಿ ಪ್ರೊಫೆಸರ್ ಸಾಹೇಬರು ತಾವೇ ಬಂದರು. ಪ್ರಬಂಧದ ಕರಡು ಓದಿ ನಂಬಿಕೆ ಬರಲಿಲ್ಲವೋ, ನಂಬಿಕೆ ಬಂದು ತಡೆಯಲಾಗಲಿಲ್ಲವೋ, ಅವರು ಹೇಳಲಿಲ್ಲ. ಕಪ್ಪು ಶೇರ್ವಾನಿ, ತಲೆಗೆ ಟೋಪಿ, ಕಣ್ಣಿಗೆ ಕನ್ನಡಕ, ಕೈಯಲ್ಲಿ ಕೊಡೆ. ಖಣಿಯ ಮೆಟ್ಟಿಲು ಇಳಿದು, ಭಾಮಾಳ ಕಡೆ ನೋಡದೆ, ನೀರನ್ನೇ ನೋಡುತ್ತ ನಿಂತರು. ಅವರಿಗೆ ಕನ್ನಡ ಬಾರದು, ಮಾಳಮ್ಮನಿಗೆ ಶಹಾಬಾದಿನ ಉರ್ದು ಸಾಕಷ್ಟು ಬರುತ್ತಿತ್ತು. ಅವಳು ಒಂದು ದೊಡ್ಡ ಮರಲು ಹಿಡಿದು ಅವರ ಮುಂದೆ ಚಾಚಿದಳು. ಕಣ್ಣಿನಲ್ಲಿ ತುಂಟತನ ಇತ್ತು. ಅವರ ಕನ್ನಡಕಕ್ಕೇನು ಗತಿಯೋ ಎಂದು ಭಾಮಾ ಉಸಿರು ಬಿಗಿಹಿಡಿದಳು.

ಸಾಹೇಬರು ಕೊಡೆ ಮಡಚಿಟ್ಟರು, ಎರಡೂ ಕೈ ನೀರಲ್ಲಿ ಅದ್ದಿದರು. ಒಂದು ಅಂಗೈಯಲ್ಲಿ ಮೀನಿನ ಕಣ್ಣು ಮುಚ್ಚಿ, ಇನ್ನೊಂದರಲ್ಲಿ ಬಾಲದ ಬುಡ ಹಿಡಿದು, ಅನಾಯಾಸವಾಗಿ ಎತ್ತಿಕೊಂಡರು. ಮೀನು ಮಿಸುಕಲಿಲ್ಲ. ಮಾಳಮ್ಮನ ಬಾಯಿ ತೆರೆದುಕೊಂಡಿತು.

"ನಮ್ಮೂರು ಗೋದಾವರಿ ದಂಡೆ" ಎಂದರು ಅವರು ಉರ್ದುವಿನಲ್ಲಿ, ಸಂಕೋಚದ ನಗೆ ನಕ್ಕು. "ಶಾಲೆಗೆ ಹೋಗುವ ಬದಲು ಇದನ್ನೇ ಮಾಡುತ್ತಿದ್ದೆ. ಮೂವತ್ತು ವರ್ಷವಾಯಿತು, ಜೀವವಿದ್ದದ್ದನ್ನು ಹಿಡಿದು."

ಮೀನನ್ನು ಮಗುಚಿ ಕತ್ತರಿಸಿದ ರೆಕ್ಕೆ ನೋಡಿದರು. ಇನ್ನೊಂದು ಕೇಳಿದರು, ಮತ್ತೊಂದು ಕೇಳಿದರು. ಶೇರ್ವಾನಿಯ ತೋಳು ಒದ್ದೆಯಾಯಿತು, ಆಮೇಲೆ ಇಡೀ ಶೇರ್ವಾನಿ ಒದ್ದೆಯಾಯಿತು. ಕೊನೆಗೆ ಭಾಮಾಳನ್ನು ಕೇಳಿದರು, "ರೆಕ್ಕೆ ಕತ್ತರಿಸಿದ್ದರಿಂದಲೇ ಬದುಕಿದವು ಎಂದು ಯಾರಾದರೂ ಹೇಳಿದರೆ?"

ಭಾಮಾ ಕತ್ತರಿಸಿದ ರೆಕ್ಕೆಯನ್ನು ಇನ್ನೊಮ್ಮೆ ಬಗ್ಗಿ ನೋಡಿದಳು. ಅದನ್ನು ಅವಳು ಯೋಚಿಸಿಯೇ ಇರಲಿಲ್ಲ.

"ಮುಂದಿನ ಸಲ ಎಲ್ಲವಕ್ಕೂ ಕತ್ತರಿಸು. ಟೀಕಾದವಕ್ಕೆ ಎಡ, ಉಳಿದವಕ್ಕೆ ಬಲ" ಎಂದರು ಅವರು.

"ಮುಂದಿನ ಸಲ?"

"ಈ ರಕ್ಷಣೆ ಎಷ್ಟು ಕಾಲ ಉಳಿಯುತ್ತದೆಂದು ನಿನಗೆ ಗೊತ್ತೇ? ನನಗೂ ಗೊತ್ತಿಲ್ಲ. ಪ್ರಬಂಧ ಇದ್ದ ಹಾಗೆಯೇ ಕೊಡು, ಪಾಸಾಗುತ್ತದೆ. ಆಮೇಲೆ ಇಲ್ಲಿಗೇ ವಾಪಸು ಬಾ. ಇಲಾಖೆಯಿಂದ ಒಂದು ಸೂಕ್ಷ್ಮದರ್ಶಕ ಕಳಿಸುತ್ತೇನೆ." ಸ್ವಲ್ಪ ತಡೆದು, "ಆರು ಮೀನು ಸಾಕು ಅಂದಿದ್ದೆನಲ್ಲ, ಅದು ನನ್ನ ತಪ್ಪು" ಎಂದರು.

ಅಷ್ಟರಲ್ಲಿ ಮಧ್ಯಾಹ್ನದ ಗಾಡಿ ಕೂಗಿ ಹೊರಟುಹೋಗಿತ್ತು. ಮುಂದಿನದು ಸಂಜೆಗೆ. ಮಾಳಮ್ಮ ಖಣಿಯ ಪಕ್ಕದ ಗುಡಿಸಲಿನಲ್ಲಿ ಒಲೆ ಹಚ್ಚಿ ಜೋಳದ ರೊಟ್ಟಿ ಬಡಿದಳು, ಮರಲಿನ ಸಾರು ಮಾಡಿದಳು. ಲಾಲ್ ಅಹ್ಮದರನ್ನೂ ಕರೆಸಿದಳು. ಭಾಮಾ ಒಂದು ಕಡೆ ಕೂತು ಅಜ್ಜಿ ಕಟ್ಟಿಕೊಟ್ಟ ಶೇಂಗಾ ಚಟ್ನಿಪುಡಿ ಮತ್ತು ಮೊಸರಿನ ಗಂಟು ಬಿಚ್ಚಿದಳು. ಸಾಹೇಬರು ಒದ್ದೆ ಶೇರ್ವಾನಿಯನ್ನು ಕಲ್ಲಿನ ಮೇಲೆ ಒಣಗಲು ಹಾಕಿ, ಅಂಗಿಯ ತೋಳು ಮಡಚಿ, ಎರಡು ಸಲ ಸಾರು ಹಾಕಿಸಿಕೊಂಡರು. ಖಣಿಯ ಮೀನು ಬಂಡೆಯ ಬದಿಗೆ ಹೇಗೆ ಮೊಟ್ಟೆಯಿಡುತ್ತದೆ, ಗಂಡುಮೀನು ಮರಿಗಳನ್ನು ಹೇಗೆ ಕಾಯುತ್ತದೆ ಎಂದು ಮಾಳಮ್ಮ ತನ್ನ ಉರ್ದುವಿನಲ್ಲಿ ಹೇಳುತ್ತಿದ್ದಳು. ಅವರು ಜೇಬಿನಿಂದ ನೋಟ್‌ಬುಕ್ ತೆಗೆದು ಬರೆದುಕೊಳ್ಳತೊಡಗಿದರು.

"ಸಾಬ್, ಮೊದ್ಲು ಉಣ್ರಿ" ಎಂದಳು ಮಾಳಮ್ಮ. "ಬರೆಯೋದು ಆಮ್ಯಾಲ. ಸಾರು ಆರ್ತದ."